ಗುಡಿಗೆ ಎಕರೆ ಲೆಕ್ಕ, ಶಾಲೆಗೆ ತಲೆ ಲೆಕ್ಕ

ಬೆಳಗಿನ ಆರು ಗಂಟೆ. ಬಬಲೇಶ್ವರದ ಆಚೆಗಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಪರಸವ್ವ ಒಲೆ ಹಚ್ಚುವ ಮೊದಲು ಕಸಬರಿಗೆ ಹಿಡಿಯುತ್ತಾರೆ. ಆರನೇ ತರಗತಿಯ ಚಾವಣಿಯಿಂದ ಉದುರಿದ ಸಿಮೆಂಟಿನ ಚಕ್ಕೆಗಳನ್ನು ಗುಡಿಸಿ ಬುಟ್ಟಿಗೆ ತುಂಬುತ್ತಾರೆ. ಇದು ಅಡುಗೆಯವರ ಕೆಲಸವಲ್ಲ. "ಮತ್ತ ಯಾರು ಮಾಡಬೇಕ್ರಿ? ಕೂಸುಗೋಳು ಬರೂದ್ರಾಗ ಆಗಬೇಕಲ್ಲ," ಎನ್ನುತ್ತಾರೆ. ಅವರ ಮೊಮ್ಮಗಳು ಆಮ್ರಪಾಲಿ ಕೂರುವುದೂ ಅದೇ ಕೋಣೆಯಲ್ಲಿ.

ಗಂಡ ತೀರಿಕೊಂಡ ಮೇಲೆ ಹಿಡಿದ ಸೌಟು, ಹದಿನೇಳು ವರ್ಷವಾಯಿತು. ದಿನಕ್ಕೆ ನೂರಾ ಹನ್ನೆರಡು ತಟ್ಟೆ ಅನ್ನ, ಸಾಂಬಾರು. ಅದಕ್ಕೂ ಮೊದಲು ಅಷ್ಟೇ ಲೋಟ ಹಾಲು. ತಿಂಗಳ ಗೌರವಧನ ಇನ್ನೂ ಐದು ಸಾವಿರ ಮುಟ್ಟಿಲ್ಲ.

ಎರಡು ಕೋಣೆ ಬೀಳುವ ಸ್ಥಿತಿಯಲ್ಲಿವೆ ಎಂದು ಎಂಜಿನಿಯರ್ ಬರೆದುಹೋಗಿದ್ದಾರೆ. ಜೂನ್ ಒಳಗೆ ದುರಸ್ತಿಯಾಗದಿದ್ದರೆ ಆರು ಮತ್ತು ಏಳನೇ ತರಗತಿಯ ಮಕ್ಕಳು ಬಬಲೇಶ್ವರಕ್ಕೆ ಹೋಗಬೇಕು. ಬಸ್ಸು ಹತ್ತಿಸಿ ಹೆಣ್ಣುಮಕ್ಕಳನ್ನು ಎಷ್ಟು ಮಂದಿ ಕಳಿಸಿಯಾರು? ಆಮ್ರಪಾಲಿಯ ಓದು ಅಲ್ಲಿಗೇ ಮುಗಿಯುತ್ತದೆ. ಸರ್ಕಾರದ ಬಳಿ ದುಡ್ಡಿಲ್ಲವಂತೆ! ಶಾಲಾ ಸುಧಾರಣೆಯ ಭಾಷಣ ಬಿಗಿಯಲು ಮಾತ್ರ ಶಾಮಿಯಾನ, ಮೈಕು, ಹಾರ ಎಲ್ಲಕ್ಕೂ ಇದೆ. ವಿಜಯಪುರದಿಂದ ಬಂದ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಯ ಅಂಗಳದಲ್ಲಿ ಸೇರಿದ ಊರವರ ಸಭೆಯಲ್ಲಿ ಹೇಳಿದ್ದಿಷ್ಟೇ: ಪಾಲಕರೇ ಮಗುವಿಗೆ ಐನೂರು ರೂಪಾಯಿ ಕೊಡಿ.

ಗುಡಿಯ ಕೆಲಸಕ್ಕೆ ಮನೆಮನೆಯಿಂದ ಎತ್ತುವ ವಂತಿಗೆಗೆ ಇಲ್ಲಿ ಪಟ್ಟಿ ಎನ್ನುತ್ತಾರೆ. ಪರಸವ್ವನ ಮಾವ ರಾಯಪ್ಪ ಅದಕ್ಕೆ ಡಂಗುರ ಸಾರುತ್ತಿದ್ದವರು. ಹೊಲ ಹೆಚ್ಚಿದ್ದವರು ಎಕರೆ ಲೆಕ್ಕದಲ್ಲಿ ಹೆಚ್ಚು ಕೊಡಬೇಕು, ಹೊಲವಿಲ್ಲದವರು ಕೈಲಾದಷ್ಟು. ಅದನ್ನೇ ನೋಡುತ್ತ ಬಾಳಿದ ಪರಸವ್ವನಿಗೆ ಸಾಹೇಬರ ಮಾತು ಕೇಳಿ ಮೈಯೆಲ್ಲ ಉರಿಯಿತು. ಸೌಟು ಹಿಡಿದೇ ಎದ್ದು ನಿಂತರು.

"ಗುಡಿಗೆ ಎಕರೆ ಲೆಕ್ಕ, ಸಾಲಿಗೆ ತಲಿ ಲೆಕ್ಕ ಯಾಕ್ರಿ ಸಾಹೇಬ್ರ? ಕೂಲಿ ಮಾಡಾವ್ರ ಕಡೆ ಐನೂರು, ನಲವತ್ತ ಎಕರೆ ದ್ರಾಕ್ಷಿ ಇದ್ದವ್ರಿಗೆ ಏನೂ ಇಲ್ಲ? ಊರಾಗೂ ಇದ್ದವ್ರ ಕಡೆ ಎತ್ರಿ, ರಾಜ್ಯದಾಗೂ ಇದ್ದವ್ರ ಕಡೆ ಎತ್ರಿ. ರೊಕ್ಕ ಹ್ಯಾಂಗ ಬರಂಗಿಲ್ಲ ನೋಡೂಣು!"

ಆ ನಲವತ್ತು ಎಕರೆಯ ಬಸಲಿಂಗಯ್ಯ ಮುಂದಿನ ಕುರ್ಚಿಯಲ್ಲೇ ಇದ್ದರು. ಅವರ ಮೊಮ್ಮಕ್ಕಳು ಓದುವುದು ವಿಜಯಪುರದ ಖಾಸಗಿ ಶಾಲೆಯಲ್ಲಿ. "ನಮ್ಮ ಹುಡುಗ್ರು ಈ ಸಾಲಿ ಕಡೆ ಕಾಲ ಹಾಕಂಗಿಲ್ಲ. ನಾ ಯಾಕ ಕೊಡ್ಲಿ ಬೇ?" ಎಂದರು.

"ಗುಡಿ ಒಳಗ ನಮ್ಮನ್ನ ಬಿಟ್ಟಿಲ್ರಿ ಯಪ್ಪಾ. ಪಟ್ಟಿ ಕೊಟ್ಟಿಲ್ಲೇನು ನಾವು?"

ಸಾಹೇಬರು ಫೈಲು ಮಡಚಿ ಜೀಪು ಹತ್ತಿದರು. ಮುಖ್ಯೋಪಾಧ್ಯಾಯಿನಿ ಶೈಲಾ ಮಾತ್ರ ಇದ್ದವರ ಕಡೆ ಎತ್ತಿ ಎಂಬ ಪರಸವ್ವನ ಮಾತನ್ನು ಸಭೆಯ ಠರಾವು ಪುಸ್ತಕದಲ್ಲಿ ಬರೆದು, ಒಂದು ಪ್ರತಿಯನ್ನು ಸರ್ಕಾರಕ್ಕೆ ಕಳಿಸಿದರು. ಎರಡು ತಿಂಗಳಾಯಿತು, ಉತ್ತರವಿಲ್ಲ. ಊರೊಳಗೆ ಮಾತ್ರ ಎಕರೆ ಲೆಕ್ಕದ ಶಾಲೆ ಪಟ್ಟಿ ತಿರುಗುತ್ತಿದೆ. ಹೊಲವುಳ್ಳ ಹನ್ನೊಂದು ಮನೆಯವರು ಕೊಟ್ಟಿದ್ದಾರೆ. ಬಸಲಿಂಗಯ್ಯ ಇನ್ನೂ ಕೊಟ್ಟಿಲ್ಲ.

ಚಾವಣಿಯೊಂದು ಆದರೆ ಸಾಕೇ ಎಂದು ಕೇಳಿದರೆ ಪರಸವ್ವ ಒಲೆಗೆ ಕಟ್ಟಿಗೆ ದೂಡುತ್ತ ತಲೆ ಅಲ್ಲಾಡಿಸುತ್ತಾರೆ.

"ಆ ಬಸಲಿಂಗಯ್ಯನವರ ಮೊಮ್ಮಕ್ಕಳೂ ಇಲ್ಲೇ ಬರ್ಲಿರಿ. ಎಲ್ಲಾರ ಜೋಡಿ ಕುಂಡ್ರಿಸಿ ಉಣ್ಣಾಕ ನೀಡ್ತೀನಿ. ನನ್ನ ಸಾಲ್ಯಾಗ ಯಾರನ್ನೂ ಹೊರಗ ನಿಂದ್ರಸಂಗಿಲ್ಲ."