ಓಟ್ಸ್ ಅಡಿಯ ಒಣಮೀನು

ಅಮ್ಮನಿಂದ ಇಷ್ಟು ವರ್ಷ ಮುಚ್ಚಿಟ್ಟಿದ್ದೆ: ಅಜ್ಜನಿಗೆ ಒಣಮೀನು ತಂದುಕೊಡುತ್ತಿದ್ದದ್ದು ನಾನೇ.

ಇವತ್ತು ಕಾಪು ಪೇಟೆಯಲ್ಲಿ ಆ ವಾಸನೆ ಬಂದಾಗ ನನ್ನ ಕಾಲು ನಿಂತಿತು. ನಾನು ಚಿಕ್ಕವಳಿದ್ದಾಗ ಡಾಕ್ಟರರು ಅಜ್ಜನಿಗೆ ಉಪ್ಪು ಬಿಡಲು ಹೇಳಿದ್ದರು. ಓಟ್ಸ್, ರಾಗಿಹಿಟ್ಟು, ಹೆಸರುಕಾಳು ಎಂದು ಚೀಟಿ ಬರೆದು ಅಮ್ಮ ನನ್ನನ್ನು ಅಂಗಡಿಗೆ ಕಳಿಸುತ್ತಿದ್ದಳು. ಗೇಟಿನ ಬಳಿ ಅಜ್ಜ ಪಿಸುಗುಟ್ಟುತ್ತಿದ್ದರು, “ಒಣಮೀನು ಇಲ್ಲದೆ ಗಂಜಿ ಇಳಿಯುವುದಿಲ್ಲ ಮಾರಾಯ್ತಿ. ಓಟ್ಸ್ ಅಡಿಯಲ್ಲಿಟ್ಟು ತಾ.”

ಅಮ್ಮ ಕೆಲಸಕ್ಕೆ ಹೋದ ಮೇಲೆ ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟು ತಿನ್ನುತ್ತಿದ್ದರು. ಅವರ ಪಾದ ಊದಿತು. ನಾನು ಬೆರಳು ಒತ್ತಿದಲ್ಲಿ ಗುಳಿ ಹಾಗೆಯೇ ನಿಲ್ಲುತ್ತಿತ್ತು. ಅಜ್ಜ ನಗುತ್ತಿದ್ದರು. ಆ ಮಳೆಗಾಲವನ್ನು ಅವರು ದಾಟಲಿಲ್ಲ.

ಈಗ ಅಮ್ಮನಿಗೂ ಅದೇ ಚೀಟಿ, ಅದೇ ಊದಿದ ಪಾದ. ಬೆಳಿಗ್ಗೆ ಅವಳೂ ಕೇಳಿದಳು, “ಗಂಜಿಗೆ ಒಂದೇ ತುಂಡು ಒಣಮೀನು ತಾ, ಎಂತ ಆಗುವುದಿಲ್ಲ.”

ನಾನು ಓಟ್ಸ್ ಮಾತ್ರ ತಂದೆ. ಅಜ್ಜನ ವಿಷಯವನ್ನೂ ಹೇಳಿಬಿಟ್ಟೆ. ಅಮ್ಮ ಓಟ್ಸ್ ಪೊಟ್ಟಣವನ್ನು ಎತ್ತಿ ಅದರ ಅಡಿ ನೋಡಿದಳು. ಆಮೇಲೆ ಕೇಳಿದಳು, “ನೀನು ಹೊರಡುವುದು ನಾಳೆ ಅಲ್ವಾ?”

ಹೌದು. ಶಾಲೆ ಅರ್ಧಕ್ಕೆ ಬಿಟ್ಟ ನನಗೆ ನಿಟ್ಟೆಯ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ. ಆಮೇಲೆ ಚೀಟಿ ಹಿಡಿದು ಪೇಟೆಗೆ ಹೋಗುವವಳು ಅಮ್ಮನೇ.