ಪಿಲ್ಸುನ್ ಅಜ್ಜಿಯ ಬಲಗೈ

ಗುನ್ಸಾನ್ ಊರಿನ ಕಡಲ ಕೆಸರಲ್ಲಿ ಕಪ್ಪೆಚಿಪ್ಪು ಹೆಕ್ಕಿ, ಚಾಕು ತೂರಿಸಿ ಅದರ ಬಾಯಿ ಬಿಡಿಸಿ, ಮೂರು ಮಕ್ಕಳನ್ನು ದಡ ಸೇರಿಸಿದ ಕೈ ಪಿಲ್ಸುನ್ ಅಜ್ಜಿಯದು. ವೃದ್ಧಾಶ್ರಮಕ್ಕೆ ಬಂದ ಮೇಲೆ ಆ ಕೈಗೆ ಚಮಚ ಹಿಡಿಯಲಾಗದು ಎಂದಳು. ಎಲ್ಲರೂ ನಂಬಿದರು. ಮುದುಕರು ಏನೋ ಆಗದು ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ ನೋಡಿ.

ಕಾರಣ ಶನಿವಾರ. ಅವತ್ತು ಹೈಸ್ಕೂಲು ಮಕ್ಕಳು ಸೇವೆಗೆ ಬರುತ್ತಿದ್ದರು. ಎಷ್ಟು ಗಂಟೆ ಸೇವೆ ಮಾಡಿದರೆಂದು ಶಾಲೆಯಲ್ಲಿ ದಾಖಲಾಗಬೇಕು, ಅದನ್ನು ಕಂಡು ವಿಶ್ವವಿದ್ಯಾಲಯ ಸೀಟು ಕೊಡಬೇಕು. ಕೈಕಾಲು ಗಟ್ಟಿಯಿದ್ದ ಮುದುಕರಿಗೆ ಬರೀ ನಮಸ್ಕಾರ. ಕೈಲಾಗದವರ ಪಕ್ಕದಲ್ಲಿ ಮಾತ್ರ ಒಂದು ಮಗು ಕೂತು ಗಂಜಿ ಕುಡಿಸುತ್ತಿತ್ತು. ಅಜ್ಜಿಗೆ ಆಸೆಯಾಯಿತು. ಆಸೆಪಟ್ಟಿದ್ದು ತಪ್ಪೇ?

ಅವಳ ಪಾಲಿಗೆ ಬಂದವಳು ಹ್ಯೇರಿನ್.

"ನಮ್ಮಮ್ಮಂಗೂ ನಾನು ಇಷ್ಟು ಸೇವೆ ಮಾಡಿಲ್ಲ ಅಜ್ಜಿ!"

"ನಿಮ್ಮಮ್ಮ ಸೀಟು ಕೊಡಿಸ್ತಾಳೇನೇ? ನಾನು ಕೊಡಿಸ್ತೀನಿ. ನಿಧಾನಕ್ಕೆ ನುಂಗ್ತೀನಿ ತಾಳು, ನಿಂಗೆ ಗಂಟೆ ಜಾಸ್ತಿ ಸಿಗ್ಲಿ."

ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಸುಳ್ಳು ಬಯಲಾಗಬಾರದಲ್ಲ, ಉಳಿದ ದಿನವೂ ಅಜ್ಜಿ ಬಲಗೈ ಎತ್ತಲಿಲ್ಲ. ಆಯಾ ಮಿಯಂಗ್ ಗಡಿಬಿಡಿಯಲ್ಲಿ ತುರುಕಿದ್ದನ್ನು ನುಂಗುತ್ತಾ ಶನಿವಾರಕ್ಕೆ ಕಾದಳು. ಹೀಗೆ ಎರಡು ವರ್ಷ ಕಳೆಯಿತು.

ಹ್ಯೇರಿನ್‌ಗೆ ರಾಜಧಾನಿ ಸೋಲ್‌ನಲ್ಲಿ ಸೀಟು ಸಿಕ್ಕಿತು. ಅಜ್ಜಿಯನ್ನು ಅಪ್ಪಿಕೊಂಡು ಅತ್ತು ಹೋದಳು. ಮುಂದಿನ ಮಕ್ಕಳು ಬರಲೇ ಇಲ್ಲ. ಸರ್ಕಾರ ನಿಯಮ ಬದಲಿಸಿತ್ತು: ಶಾಲೆಯ ಹೊರಗೆ ತಾವಾಗಿ ಹೋಗಿ ಮಾಡಿದ ಸೇವೆ ಇನ್ನು ಕಾಲೇಜಿನವರ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದ್ದಕ್ಕೆ ಟ್ಯೂಷನ್ ಬಿಟ್ಟು ಯಾವ ಮಗು ಬಂದೀತು? ಮಕ್ಕಳನ್ನು ಬೈದು ಫಲವಿಲ್ಲ. ಶನಿವಾರವೂ ಮಿಯಂಗೇ ಬಂದಳು, ಆರು ಬಾಯಿಗೆ ಅವಳೊಬ್ಬಳೇ. ಒಂದು ತುತ್ತು ಇಳಿಯುವ ಮೊದಲೇ ಇನ್ನೊಂದು. ಅಜ್ಜಿಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು.

"ಕೊಡಿಲ್ಲಿ, ನಾನೇ ತಿಂತೀನಿ."

"ಸುಮ್ನಿರಿ ಅಜ್ಜಿ. ಚೆಲ್ಲಿದ್ರೆ ಒರೆಸೋಳು ನಾನು."

"ನನ್ನ ಕೈಗೆ ಏನೂ ಆಗಿಲ್ಲ ಕಣೇ! ಆ ಮಕ್ಕಳು ಪಕ್ಕದಲ್ಲಿ ಕೂರ್ಲಿ ಅಂತ ಸುಳ್ಳು ಹೇಳಿದ್ದೆ."

ಮಿಯಂಗ್ ಅವಳ ಮುಖ ನೋಡಿ ಚಮಚ ಕೊಟ್ಟಳು. ಅಜ್ಜಿ ಬೆರಳು ಮಡಚಲು ಹೋದಳು. ಎರಡು ವರ್ಷ ಆಡದ ಬೆರಳು ಮಡಚಿಕೊಳ್ಳಲಿಲ್ಲ. ಎಡಗೈಯಿಂದ ಒತ್ತಿ ಮಡಚಿದಳು. ಚಮಚ ಜಾರಿ ಗಂಜಿಯೆಲ್ಲ ಹೊದಿಕೆಯ ಮೇಲೆ ಚೆಲ್ಲಿತು.

"ನಿಜವಾಗ್ಲೂ ಸುಳ್ಳೇ ಹೇಳಿದ್ದು ಕಣೇ," ಎಂದಳು ಅಜ್ಜಿ, ಮಗುವಿನ ಹಾಗೆ ಅಳುತ್ತಾ.

"ಆಯ್ತು ಅಜ್ಜಿ, ಆಯ್ತು," ಎನ್ನುತ್ತಾ ಮಿಯಂಗ್ ಹೊದಿಕೆ ಒರೆಸಿದಳು. ಅವಳು ನಂಬಿರಲಿಲ್ಲ.