ಅಪ್ಪನಿಗೆ ನಾನು ಕೊಟ್ಟ ವಾಕ್ಯ

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಬರುವ ಗಾಡಿಗಳಿಗೆ ಹಳಿ ತಿರುಗಿಸಿಕೊಡುವುದು ಅವನ ಕೆಲಸ. ನಾನು ಐದು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ರೈಲ್ವೆ ಕ್ವಾರ್ಟರ್ಸಿಗೆ ಬಂದು ನನ್ನನ್ನು ಸಾಕಿದ್ದು ಅಪ್ಪನ ಅಕ್ಕ, ನನ್ನ ಅತ್ತೆ.

ಅತ್ತೆ ವಿಧವೆ. ಮೊದಲು ಹಳೇಬೀಡಿನ ಕಡೆ ಮಿಷನ್ನಿನವರ ಕೆಲಸದಲ್ಲಿದ್ದು, ಹುಲಿಕೆರೆವರೆಗೂ ನಡೆದುಹೋಗಿ ಹೆಂಗಸರಿಗೆ ಬೈಬಲ್ಲನ್ನು, ನಮ್ಮ ಮಾತಿನಲ್ಲಿ ವೇದವನ್ನು, ಓದಿ ಹೇಳುತ್ತಿದ್ದಳು. ಕೆಲವು ಮನೆಗಳಲ್ಲಿ ಕೂರಲು ಚಾಪೆ ಹಾಕುತ್ತಿದ್ದರು, ಕೆಲವು ಮನೆಗಳಲ್ಲಿ ಮುಸುರೆ ನೀರು ಎರಚುತ್ತಿದ್ದರು. ಎರಚಿದವರಿಗೆ ಅವಳು ಬೈಯುತ್ತಿರಲಿಲ್ಲ. ಅಲ್ಲೇ ನಿಂತು, ಸೆರಗು ಹಿಂಡಿಕೊಂಡು, ವೇದದ ತಕ್ಕ ವಾಕ್ಯವೊಂದನ್ನು ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದಳಂತೆ.

"ವಾಕ್ಯ ಅಂದ್ರೆ ಕುಡುಗೋಲು ಕಣೇ," ಎನ್ನುತ್ತಿದ್ದಳು. "ದಿನಾ ಕೈಗೆತ್ತಿಕೊಳ್ಳದಿದ್ರೆ ತುಕ್ಕು ಹಿಡೀತದೆ."

ಬೆಳಿಗ್ಗೆ ಒಂದು ವಾಕ್ಯ ಬಾಯಿಪಾಠ ಒಪ್ಪಿಸದೆ ನನಗೆ ರೊಟ್ಟಿ ಸಿಗುತ್ತಿರಲಿಲ್ಲ. ಸುಳ್ಳು ಹೇಳುವ ಮನಸ್ಸಾದರೆ ಇದು, ಹೆದರಿಕೆಯಾದರೆ ಅದು, ಪಕ್ಕದ ಮನೆ ಹುಡುಗಿಯ ರಿಬ್ಬನ್ನಿನ ಮೇಲೆ ಆಸೆಯಾದರೆ ಇನ್ನೊಂದು. ಸೈತಾನ ಯಾವ ಬಾಗಿಲಲ್ಲಿ ಬಂದರೂ ಎದುರಿಗೆ ಹಿಡಿಯಲು ನನ್ನ ಹತ್ತಿರ ಒಂದು ವಾಕ್ಯ ಇರಬೇಕು ಎನ್ನುವುದು ಅವಳ ಪಾಠ. ಹದಿಮೂರು ತುಂಬುವ ಹೊತ್ತಿಗೆ ನನಗೆ ಎಷ್ಟು ವಾಕ್ಯ ಬರುತ್ತಿದ್ದವೋ ಅಷ್ಟೇ ಜಂಬವೂ ಬಂದಿತ್ತು.

ಅಪ್ಪ ಕುಡಿಯುತ್ತಿದ್ದ. ಲೆವೆಲ್ ಕ್ರಾಸಿಂಗಿನ ಆಚೆ, ತೆಂಗಿನ ತೋಟದ ಬೇಲಿಗೆ ಒತ್ತಿಕೊಂಡಂತೆ ಒಂದು ಗುಡಿಸಲಿತ್ತು. ಅಲ್ಲಿ ಭಟ್ಟಿ ಸಾರಾಯಿ ಸಿಗುತ್ತಿತ್ತು. ಕೆಲಸಕ್ಕೆ ಹೋಗುವ ದಾರಿಯೂ ಅದೇ, ಬರುವ ದಾರಿಯೂ ಅದೇ. ಕುಡಿದು ಬಂದ ದಿನ ಅತ್ತೆ ಅವನೊಂದಿಗೆ ಮಾತಾಡುತ್ತಿರಲಿಲ್ಲ. ಮುದ್ದೆ ಬಡಿಸುತ್ತಾ ಕುಡುಕರ ಮೇಲಿನ ವಾಕ್ಯಗಳನ್ನು ಗೋಡೆಗೆ ಹೇಳುತ್ತಿದ್ದಳು. ಅಪ್ಪ ತಲೆ ಎತ್ತದೆ ಉಣ್ಣುತ್ತಿದ್ದ.

ಒಂದು ಮಧ್ಯಾಹ್ನ ನಾನು ಹಳಿ ಪಕ್ಕದ ಅವನ ಕ್ಯಾಬಿನ್ನಿಗೆ ಬುತ್ತಿ ಒಯ್ದಾಗ ಅಪ್ಪ ಸುತ್ತ ನೋಡಿ, ಮೆಲ್ಲಗೆ ಕೇಳಿದ.

"ನಂಗೂ ಒಂದು ಸಣ್ಣದು ಹೇಳ್ಕೊಡವ್ವ. ಗೇಟ್ ದಾಟಿ ಆ ಗುಡಿಸ್ಲು ಕಳೆಯೋಗಂಟ ಬಾಯಾಗಿದ್ರೆ ಸಾಕು."

ಎದುರಿಸಿ ನಿಂತರೆ ಸೈತಾನ ಓಡಿಹೋಗುತ್ತಾನೆಂಬ ವಾಕ್ಯವನ್ನು ಹೇಳಿಕೊಟ್ಟೆ. ಗೂಡ್ಸ್ ಗಾಡಿಗಳ ನಡುವಿನ ಬಿಡುವಿನಲ್ಲಿ ಅವನು ಅದನ್ನು ಕಲಿತ. ಮರುದಿನ ಗೇಟಿನ ಹತ್ತಿರ ಅವನ ತುಟಿ ಅಲ್ಲಾಡುವುದನ್ನು ಕಂಡೆ. ಗುಡಿಸಲಿನ ಕಡೆ ತಿರುಗದೆ, ನೆಲ ನೋಡಿಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ ದಾಟಿಹೋದ. ಎರಡು ತಿಂಗಳು ಅವನ ಮೈಯಿಂದ ಕಲ್ಲಿದ್ದಲು, ಎಣ್ಣೆಯ ವಾಸನೆ ಬಿಟ್ಟರೆ ಬೇರೆ ವಾಸನೆ ಬರಲಿಲ್ಲ. ಈ ವಿಷಯ ಅತ್ತೆಗೆ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವರ್ಷ ಬೇಲೂರಿನಲ್ಲಿ ಸುತ್ತಮುತ್ತಲ ಚರ್ಚುಗಳ ಮಕ್ಕಳಿಗೆ ವೇದಪಾಠದ ಸ್ಪರ್ಧೆ ಇಟ್ಟಿದ್ದರು. ಅಪ್ಪ ರಜಾ ಹಾಕಿ, ಬಿಳಿ ಅಂಗಿ ತೊಟ್ಟು, ತಾನೇ ಕರೆದುಕೊಂಡು ಹೊರಟ. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ನನಗೆ ಬನ್ನು ಕೊಡಿಸಿದ. ದಾರಿಯುದ್ದಕ್ಕೂ ನನ್ನ ಪಾಠ ಕೇಳಿಸಿಕೊಂಡ. ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಿಂದೆ ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಸಿಕ್ಕಿ ಹೆಗಲ ಮೇಲೆ ಕೈ ಹಾಕಿದ. ಈಗ ಬತ್ತೀನಿ, ನೀನು ನಡೀತಿರು ಎಂದು ಅಪ್ಪ ಅವನ ಜೊತೆ ಹೋದ.

ನನ್ನ ಸರದಿ ಬಂತು. ಉದ್ದದ ಅಧ್ಯಾಯ, ತಡವರಿಸದೆ ಹೇಳುತ್ತಿದ್ದೆ. ಅಪ್ಪನ ವಾಕ್ಯ ಅದರ ನಡುವೆಯೇ ಇತ್ತು. ಅಲ್ಲಿಗೆ ಬಂದಾಗ ಬಾಗಿಲ ಬಳಿಯಿಂದ ಇನ್ನೊಂದು ದನಿ ನನ್ನೊಂದಿಗೆ ಸೇರಿಕೊಂಡಿತು. ಅಪ್ಪ ಬಾಗಿಲು ಹಿಡಿದು ನಿಂತು, ನಾಲಿಗೆ ತೊದಲುತ್ತಾ, ಮುಖ ಅರಳಿಸಿಕೊಂಡು, ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದ. ತನಗೂ ಗೊತ್ತಿರುವ ವಾಕ್ಯ ಬಂತಲ್ಲ ಎಂಬ ಖುಷಿ ಅವನಿಗೆ. ಮುಗಿಸಿ ಚಪ್ಪಾಳೆ ತಟ್ಟಲು ಕೈ ಬಿಟ್ಟವನು ಬೆಂಚಿನ ಮೇಲೆ ಬಿದ್ದ. ಹುಡುಗಿಯರು ನಕ್ಕರು. ನನಗೆ ಮುಂದಿನ ಸಾಲು ಮರೆತೇ ಹೋಯಿತು. ಸ್ಪರ್ಧೆ ನಡೆಸುತ್ತಿದ್ದ ಪಾದ್ರಿ ಅಯ್ಯನವರು, ಸಾಕು ಕಣಮ್ಮ, ಕೂತ್ಕೋ ಎಂದರು.

ವಾಪಸ್ಸು ಬರುವಾಗ ಹಳೇಬೀಡಿನಲ್ಲಿ ಅಪ್ಪ ಕೆಳಗಿಳಿದು, ಬಸ್ಸಿನವರೆಲ್ಲ ನೋಡುತ್ತಿರುವಂತೆ ವಾಂತಿ ಮಾಡಿದ. ನಾನು ಅವನ ಮಗಳಲ್ಲ ಎಂಬಂತೆ ಆಚೆ ಕಿಟಕಿಗೆ ಮುಖ ಮಾಡಿ ಕೂತೆ.

ಒಂದು ವಾರ ಅವನ ಜೊತೆ ಮಾತು ಬಿಟ್ಟೆ. ಆಮೇಲೆ ಒಂದು ದಿನ ಬುತ್ತಿ ಒಯ್ದಾಗ ಅವನೇ ಬಾಯಿ ಬಿಟ್ಟ.

"ಅದು ನನ್ ಕೈಲಿ ನಿಲ್ಲಲಿಲ್ಲ ಕಣವ್ವ. ಇನ್ನೊಂದು ಕೊಡು. ಇನ್ನೂ ಗಟ್ಟಿಯಾದ್ದು."

ಏಳು ಸಲ ಬಿದ್ದರೂ ಏಳುವವನ ವಾಕ್ಯ ನನಗೆ ಬರುತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು, ತಾನು ಕಕ್ಕಿದ್ದನ್ನೇ ತಿನ್ನಲು ಮರಳಿ ಬರುವ ನಾಯಿಯ ವಾಕ್ಯವನ್ನು ಹೇಳಿ ಅವನ ಮುಖ ನೋಡಿದೆ.

ಅಪ್ಪ ಬುತ್ತಿಯನ್ನು ಪಕ್ಕಕ್ಕಿಟ್ಟ. "ಇದು ವೇದದಾಗೇ ಐತಾ?" ಎಂದ.

ಇದೆ ಎಂದೆ.

"ಸರಿ. ಹೇಳ್ಕೊಡು."

ಹೇಳಿಕೊಟ್ಟೆ. ಅವನು ತಪ್ಪಿದಲ್ಲೆಲ್ಲ ತಿದ್ದಿದೆ. ಮೂರು ಸಲ ಮೊದಲಿಂದ ಹೇಳಿಸಿದೆ. ಅವನು ಹೇಳಿದಷ್ಟು ಸಲವೂ ನನಗೆ ಹಿತವಾಗುತ್ತಿತ್ತು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಆ ಹೊತ್ತು ಆಗಲಿಲ್ಲ.

ಆ ದಿನದಿಂದ ಅಪ್ಪ ಮತ್ತೆ ಒಂದು ತೊಟ್ಟೂ ಕುಡಿಯಲಿಲ್ಲ.

ಗೇಟಿನಿಂದ ಗುಡಿಸಲು ಕಳೆಯುವವರೆಗೆ ಹೇಳಿಕೊಳ್ಳುತ್ತಿದ್ದವನು ಬರಬರುತ್ತಾ ಹಳಿಯುದ್ದಕ್ಕೂ ಹೇಳಿಕೊಳ್ಳತೊಡಗಿದ. ಹಳಿ ತಿರುಗಿಸುವ ಲಿವರ್ ಎಳೆಯುವಾಗಲೂ ಗೊಣಗುತ್ತಿದ್ದ. ಜೊತೆಯವರು ಕಿವಿಗೊಟ್ಟು ಕೇಳಿ, ಅವನಿಗೆ ನಾಯಿ ಎಂದೇ ಹೆಸರಿಟ್ಟರು. ಅವನು ಕ್ಯಾಬಿನ್ನಿನ ಮೆಟ್ಟಿಲು ಹತ್ತುವಾಗ ನಾಯಿಗೆ ಮಾಡುವಂತೆ ಲೊಚಗುಟ್ಟಿ ಕರೆಯುತ್ತಿದ್ದರು. ಅಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ, ತಿರುಗಿ ನೋಡುತ್ತಿದ್ದ. ಮನೆಯಲ್ಲಿ ಊಟಕ್ಕೆ ಹೊಸ್ತಿಲ ಆಚೆ ಕೂರತೊಡಗಿದ. ತಿಂಗಳಿಗೊಮ್ಮೆ ಹಾಸನದಿಂದ ಅಯ್ಯನವರು ಬಂದು ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವಾಗ, ಎಲ್ಲರೂ ಎದ್ದು ಮುಂದೆ ಹೋದರೆ ಇವನು ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ.

ಅತ್ತೆ ಇದನ್ನೆಲ್ಲ ದೀನತೆ ಎಂದಳು. ತಾನು ಗೋಡೆಗೆ ಹೇಳಿದ ವಾಕ್ಯಗಳೇ ತಮ್ಮನನ್ನು ಗೆದ್ದವೆಂದು ಊರಿಗೆಲ್ಲ ಸಾರಿದಳು. ನಾನು ಬಾಯಿ ಬಿಡಲಿಲ್ಲ.

ಟೀಚರ್ ಟ್ರೈನಿಂಗಿಗೆ ಹಾಸನಕ್ಕೆ ಹೋದ ಮೇಲೆ ನನಗೆ ಒಳಗೆ ಸಂಕಟ ಶುರುವಾಯಿತು. ನನ್ನ ಮನಸ್ಸಿನ ಮೇಲೆ ಉಪಯೋಗಿಸಬೇಕಾಗಿದ್ದ ವಾಕ್ಯವನ್ನು ನಾನು ಅವನ ಮೇಲೆ ಉಪಯೋಗಿಸಿದ್ದೆ. ರಜೆಗೆ ಬಂದಾಗ ಕ್ಯಾಬಿನ್ನಿಗೆ ಹೋಗಿ, ಮನೆಬಿಟ್ಟು ಹೋಗಿ ಹಂದಿ ಮೇಯಿಸಿದ ಮಗನನ್ನು ತಂದೆ ಓಡಿಬಂದು ಅಪ್ಪಿಕೊಂಡ ಕಥೆ ಹೇಳಿದೆ. ಇದನ್ನು ಹೇಳ್ಕೋ ಅಪ್ಪ, ಅದನ್ನು ಬಿಟ್ಟುಬಿಡು ಎಂದೆ. ಸಿಟ್ಟಿನಲ್ಲಿ ಕೊಟ್ಟದ್ದು ಎಂದು ಹೇಳಲು ಮಾತ್ರ ಧೈರ್ಯ ಬರಲಿಲ್ಲ.

ಅಪ್ಪ ನಕ್ಕ. "ಅದು ಬ್ಯಾರೆಯವರ್ದು ಕಣವ್ವ. ನಂದು ನನ್ ತಾವ ಐತೆ."

ವಯಸ್ಸು ಅರವತ್ತು ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಅವನ ಎದೆ ಕೆಟ್ಟಿತು. ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಗ ಅಯ್ಯನವರು ರೊಟ್ಟಿ, ದ್ರಾಕ್ಷಾರಸ ತಂದರು. ಬಟ್ಟಲನ್ನು ತುಟಿಗೆ ಹಿಡಿದಾಗ ಅಪ್ಪ ಹಲ್ಲು ಕಚ್ಚಿ ಮುಖ ಆಚೆ ಮಾಡಿದ. ನುಂಗಲು ಆಗುತ್ತಿಲ್ಲ ಪಾಪ ಎಂದು ಅಯ್ಯನವರು ಬಟ್ಟಲು ಹಿಂದಕ್ಕೆ ತೆಗೆದರು. ಅಲ್ಲ, ತಾನು ನಾಯಿ ಎಂದು ನಂಬಿದ್ದಾನೆ, ನಂಬಿಸಿದವಳು ನಾನು ಎಂದು ಆಗಲಾದರೂ ಹೇಳಬಹುದಿತ್ತು. ಮಂಚದ ಆ ಬದಿಗೆ ಅತ್ತೆ ನಿಂತಿದ್ದಳು. ನಾನು ಹೊದಿಕೆ ಸರಿಮಾಡಿದೆ. ಮರುದಿನ ಬೆಳಿಗ್ಗೆ ಅಪ್ಪ ಹೋದ.

ಅವನಿಗೆ ಯಾವ ವಾಕ್ಯ ಇಷ್ಟ ಎಂದು ಸಮಾಧಿಯ ಬಳಿ ಅಯ್ಯನವರು ಕೇಳಿದರು. ಕುರಿ ಕಾಯುವವನ ಕೀರ್ತನೆ ಎಂದು ಸುಳ್ಳು ಹೇಳಿದೆ. ಅದನ್ನೇ ಓದಿದರು.

ಎಷ್ಟೋ ವರ್ಷದ ಮೇಲೆ, ಬೇಲೂರಿನ ಶಾಲೆಯಲ್ಲಿ ನಾನು ಕೆಲಸದಲ್ಲಿದ್ದಾಗ, ಕಣ್ಣು ಕಾಣದೆ ನನ್ನ ಜೊತೆಗಿದ್ದ ಅತ್ತೆಗೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಕುಡೀದೆ ಸತ್ತ ತಾನೆ?" ಎಂದಳು. "ವಾಕ್ಯ ಕೆಲಸ ಮಾಡ್ತು. ಇನ್ನೇನಾಗ್ಬೇಕಿತ್ತು ನಿಂಗೆ?"

ಆಮೇಲೆ ಕಾಫಿ ಕೇಳಿದಳು. ಮಾಡಿಕೊಡಲು ಒಳಗೆ ಹೋದೆ.